ಬೈಂಡಿನೊಳಗೆ ಸೇರಿದ ಬಿಲ್ಲು

ಕಂಪ್ಯೂಟರ್ ಮತ್ತೆ ಕಣ್ಣು ಮುಚ್ಚಿತು. ನೂರಹನ್ನೆರಡನೇ ಪುಟದಲ್ಲಿ ಎರೆಹುಳು ಒಂದು ಎಲೆಯನ್ನು ಅರ್ಧ ನುಂಗಿತ್ತು. ಇನ್ನರ್ಧ ಬಾಯಲ್ಲೇ ಉಳಿಯಿತು.

"ರೀ, ಮತ್ತೆ ಹೋಯ್ತು!" ಎಂದಳು ಟೈಪಿಸ್ಟಮ್ಮ.

ಗಂಡ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಕೂತು ಪುಸ್ತಕ ಹೊಲಿಯುತ್ತಿದ್ದ. ಅವನು ಬೈಂಡರ್. ಅವಳು ಟೈಪ್ ಮಾಡಿದ್ದನ್ನು ಅವನು ಕಟ್ಟುತ್ತಾನೆ. ಅವನು ಕಟ್ಟಿದ್ದನ್ನು ಬಿಚ್ಚುವವರು ಈ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಗೋಂದಣ್ಣ.

"ಹೋದ್ರೆ ಬರುತ್ತೆ ಬಿಡೇ. ದಿನಕ್ಕೆ ಆರು ಸಲ ಹೋಗಿ ಬರೋದು ಅದಕ್ಕೂ ರೂಢಿಯಾಗಿದೆ."

"ಅದು ಬರೋ ಹೊತ್ತಿಗೆ ಕೆಲಸ ಹೋಗುತ್ತೆ! ಮೂರನೇ ತಾರೀಕಿಗೆ ಮುಗೀದಿದ್ರೆ ಬೇರೆ ಕಡೆ ಕೊಡ್ತೀನಿ ಅಂದಿದಾರೆ ಲೆಕ್ಚರರ್ ಮೇಡಂ. ಮುನ್ನೂರು ಪುಟ ರೀ! ಇಷ್ಟು ದೊಡ್ಡ ಕೆಲಸ ನಮಗೆ ಯಾವತ್ತು ಸಿಕ್ಕಿತ್ತು?"

ಎರೆಹುಳುವಿನ ಹೊಟ್ಟೆಯ ಬಗ್ಗೆ ಬರೆದ ಪ್ರಬಂಧ ಅದು. ಆದರೆ ಅದರಿಂದ ತುಂಬಬೇಕಾಗಿದ್ದದ್ದು ಈ ಮನೆಯವರ ಹೊಟ್ಟೆ. ಕಂಪ್ಯೂಟರಿಗೆ ವಯಸ್ಸು ಏಳು ತಿಂಗಳು. ಆ ವಯಸ್ಸಿನ ಕೂಸು ಕೂಡ ಹಗಲು ಹೊತ್ತಿನಲ್ಲಿ ಅಷ್ಟು ನಿದ್ದೆ ಮಾಡುವುದಿಲ್ಲ.

ಅವಳು ಐದನೇ ಸಲ ಕಂಪನಿಗೆ ಫೋನ್ ಹಚ್ಚಿದಳು. "ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಒಂದು ದನಿ ಹೇಳಿತು.

"ಅಮೂಲ್ಯ ಅಂತಲೇ ಎತ್ತಿಟ್ಟುಬಿಟ್ಟಿದಾರೆ, ಯಾರೂ ಮುಟ್ಟಲ್ಲ" ಎಂದ ಗೋಂದಣ್ಣ.

ಇಪ್ಪತ್ತು ನಿಮಿಷದ ಪಿಟೀಲು ಮುಗಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. "ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಆಫ್ ಆಗೋದೇ ನನ್ನ ತೊಂದರೆ ತಾಯಿ. ಅದಕ್ಕೆ ನನ್ನ ಸಹಾಯ ಏನೂ ಬೇಕಾಗಿಲ್ಲ."

"ನಿಮ್ಮ ಮನೆ ಕರೆಂಟ್ ಸರಿ ಇರಲ್ಲ ಮೇಡಂ."

"ಅದೇ ಕರೆಂಟಲ್ಲಿ ಫ್ಯಾನ್ ತಿರುಗ್ತಿದೆ, ಮಿಕ್ಸಿ ತಿರುಗ್ತಿದೆ, ಈಗ ನನ್ನ ತಲೇನೂ ತಿರುಗ್ತಿದೆ."

ಲೈನ್ ಕಟ್ಟಾಯಿತು. ಹೋದ ವಾರ ಕಂಪನಿಯ ಮೆಕ್ಯಾನಿಕ್ ಒಬ್ಬ ಬಂದಿದ್ದ. ಅವನೆದುರು ಕಂಪ್ಯೂಟರ್ ಹೊಸ ಅಳಿಯನ ಹಾಗೆ ತಲೆ ತಗ್ಗಿಸಿ ನಡೆದುಕೊಂಡಿತು. ಅವನು ಗೇಟು ದಾಟಿದ್ದೇ ತಡ, ಟಪ್!

"ಕಂಪನಿ ಜೊತೆ ಗುದ್ದಾಡೋಕೆ ನಮ್ಮಂಥವರ ಕೈಲಾಗುತ್ತೇನೇ?" ಎಂದ ಗೋಂದಣ್ಣ. "ವಾರಂಟಿ ಅಂದ್ರೆ ಏನು ಗೊತ್ತಾ? ಒಂದು ವಾರ ಅಂಟಿಕೊಂಡಿರುತ್ತೆ. ಆಮೇಲೆ ಉದುರುತ್ತೆ."

"ಯಾರಿಗೆ ಉದುರಿದ್ದು ತಮ್ಮಾ, ಕೂದಲಾ?" ಎನ್ನುತ್ತ ಪೋಸ್ಟಕ್ಕ ಒಳಗೆ ಬಂದಳು. ಇಪ್ಪತ್ತೆರಡು ವರ್ಷದಿಂದ ಈ ಓಣಿಗೆ ಕಾಗದ ಹಂಚುವವಳು. ಯಾವ ಕಾಗದಕ್ಕೆ ಯಾರು ಹೆದರುತ್ತಾರೆ ಎಂಬುದು ಅವಳಿಗೆ ಅಂಗೈಯಷ್ಟು ಪರಿಚಿತ.

ಕಥೆಯನ್ನೆಲ್ಲ ಕೇಳಿ, "ಐದು ಸಲ ಫೋನ್ ಮಾಡಿದ್ಯಲ್ಲ ತಂಗೀ, ದೂರಿನ ನಂಬರ್ ಬರ್ಕೊಂಡ್ಯಾ? ಮಾತಾಡಿದವರ ಹೆಸರು?" ಎಂದಳು.

"ಇಲ್ಲ ಅಕ್ಕಾ."

"ಹಾಗಾದ್ರೆ ನೀನು ಗಾಳಿಗೆ ಮಾತಾಡಿದ್ದು. ಕಂಪನಿಗಲ್ಲ. ಬರವಣಿಗೇಲಿ ಕೇಳು. ರಿಜಿಸ್ಟರ್ ಪೋಸ್ಟ್ ಮಾಡು."

"ನೋಡಪ್ಪಾ, ಸ್ಟಾಂಪ್ ಮಾರೋಕೆ ಬಂದಿದಾರೆ!" ಎಂದ ಗೋಂದಣ್ಣ.

"ನೀನು ಗೋಂದು ಹಚ್ಚೋದು ಬಿಡಲ್ಲ, ನಾನು ಸ್ಟಾಂಪ್ ಬಿಡ್ತೀನಾ? ಎಲ್ಲಿ, ಬಿಲ್ಲು, ವಾರಂಟಿ ಕಾರ್ಡು ತೆಗಿ."

ಗೋಂದಣ್ಣನ ಸೂಜಿ ನಿಂತಿತು.

"ರೀ, ನಿಮ್ಮ ಕೈಗೇ ಕೊಟ್ಟಿದ್ದೆ."

"ಒಳ್ಳೆ ದಪ್ಪ ಕಾಗದ ಕಣೇ ಅದು..."

"ಅದಕ್ಕೆ?"

"ಬೆನ್ನಿಗೆ ಹಾಕಿದೆ."

"ಯಾರ ಬೆನ್ನಿಗೆ?"

"ಹಲ್ಲಿನ ಡಾಕ್ಟ್ರ ರಿಜಿಸ್ಟರಿನ ಬೆನ್ನಿಗೆ."

ಬೈಂಡರುಗಳು ಪುಸ್ತಕದ ಬೆನ್ನು ಬಿಗಿಯಾಗಿರಲಿ ಎಂದು ಒಳಗಡೆ ಗಟ್ಟಿ ಕಾಗದವನ್ನು ಅಂಟಿಸುತ್ತಾರೆ. ಮನೆಯಲ್ಲಿ ಗಟ್ಟಿ ಕಾಗದ ಕಂಡರೆ ಗೋಂದಣ್ಣನ ಕೈ ಸುಮ್ಮನಿರುವುದಿಲ್ಲ. ಮದುವೆಯ ಫೋಟೊ ಉಳಿದಿರುವುದೂ ಅದಕ್ಕೆ ಗಾಜು ಹಾಕಿಸಿದ್ದರಿಂದಲೇ.

ಮೂವರೂ ಹಲ್ಲಿನ ಡಾಕ್ಟರ ಹತ್ತಿರ ಹೋದರು. ಕುರ್ಚಿಯಲ್ಲಿ ಒಬ್ಬ ರೋಗಿ ಬಾಯಿ ತೆರೆದುಕೊಂಡು ಮಲಗಿದ್ದ. ಡಾಕ್ಟರು ವಿಷಯ ಕೇಳಿ ನಕ್ಕು, "ರಿಜಿಸ್ಟರ್ ಬಿಚ್ಚಿಕೊಳ್ಳಿ, ಆದ್ರೆ ಸಂಜೆಯೊಳಗೆ ಹೊಸ ಬೆನ್ನು ಹಾಕಿಕೊಡಬೇಕು" ಎಂದರು.

ಗೋಂದಣ್ಣ ಕತ್ತಿ ಹಾಕಿದ, ಎಳೆದ, ಬೆವರಿದ. ಕಾಗದ ಅಲ್ಲಾಡಲಿಲ್ಲ. ಅವನ ಕೈಕೆಲಸ ಅವನಿಗೇ ಸವಾಲು ಹಾಕಿ ಕೂತಿತ್ತು. ಕೊನೆಗೆ ಡಾಕ್ಟರೇ ಇಕ್ಕಳ ಹಿಡಿದು ಬಂದರು.

"ಬೇರು ಆಳಕ್ಕೆ ಹೋಗಿದೆ. ಸ್ವಲ್ಪ ನೋವಾಗುತ್ತೆ, ತಡ್ಕೊಳಿ" ಎಂದು ಗೋಂದಣ್ಣನಿಗೇ ಹೇಳಿ, ಮೆಲ್ಲಗೆ ಎಳೆದರು. ಬಿಲ್ಲೂ ಕಾರ್ಡೂ ಜೋಡಿಯಾಗಿ ಈಚೆ ಬಂದವು. ಒಂದು ಮೂಲೆ ಹರಿದಿತ್ತು. ಆದರೆ ತಾರೀಕು, ಕಂಪ್ಯೂಟರಿನ ನಂಬರು, 'ಒಂದು ವರ್ಷ' ಎಂಬ ಮಾತು, ಎಲ್ಲ ಸ್ಪಷ್ಟ. ಕುರ್ಚಿಯಲ್ಲಿದ್ದ ರೋಗಿ ಬಾಯಿ ಮುಚ್ಚದೆಯೇ ಚಪ್ಪಾಳೆ ತಟ್ಟಿದ.

ಆಮೇಲೆ ಸಾಕ್ಷಿಯ ಕೆಲಸ. "ಬಂದವರೆದುರು ಹೇಗೂ ಕೆಡಲ್ಲ, ಕೆಡೋದನ್ನ ಮೊಬೈಲಲ್ಲಿ ಹಿಡೀರಿ" ಎಂದಿದ್ದಳು ಪೋಸ್ಟಕ್ಕ. ಟೈಪಿಸ್ಟಮ್ಮ ಟೈಪ್ ಮಾಡಿದಳು, ಗೋಂದಣ್ಣ ಮೊಬೈಲ್ ಹಿಡಿದು ಕಾದ. ಅರ್ಧ ಗಂಟೆ ಕಳೆಯಿತು. ಕಂಪ್ಯೂಟರ್ ಗಟ್ಟಿಮುಟ್ಟಾಗಿತ್ತು.

"ಹೋಗೋ ಮಾರಾಯಾ, ಹೋಗು" ಎಂದು ಗೋಂದಣ್ಣ ಗೋಗರೆದ. ಟಪ್! "ಹೋಯ್ತು! ಹೋಯ್ತು!" ಎಂದು ಕುಣಿದಾಡಿಬಿಟ್ಟ.

ಪಕ್ಕದ ಮನೆಯ ಅಜ್ಜಿ ಗಾಬರಿಯಿಂದ ಓಡಿಬಂದು, "ಯಾರಪ್ಪಾ ಹೋಗಿದ್ದು? ಹೋದ್ರೆ ಇಷ್ಟು ಖುಷಿನಾ?" ಎಂದಳು.

ಪತ್ರವನ್ನು ಟೈಪಿಸ್ಟಮ್ಮ ಕೈಯಲ್ಲೇ ಬರೆದಳು. ಗೋಂದಣ್ಣ, "'ಕಳ್ಳ ನನ್ಮಕ್ಕಳೇ' ಅಂತ ಶುರು ಮಾಡು" ಎಂದ.

"ಬೈಗುಳಕ್ಕೆ ಯಾರೂ ಉತ್ತರ ಬರೆಯಲ್ಲ ತಮ್ಮಾ" ಎಂದಳು ಪೋಸ್ಟಕ್ಕ. "ಯಾವಾಗ ಕೊಂಡ್ರಿ, ನಂಬರ್ ಏನು, ಏನು ಕೆಟ್ಟಿದೆ, ಎಷ್ಟು ಸಲ ಹೇಳಿದ್ರಿ, ಅದನ್ನ ಬರೀರಿ. ರಿಪೇರಿ ಬೇಕಾ, ಬದಲಿ ಬೇಕಾ, ಅದೂ ಇರಲಿ. ಎಷ್ಟು ದಿನದೊಳಗೆ ಅಂತಾನೂ ಹಾಕಿ. ಆಗದಿದ್ರೆ ಗ್ರಾಹಕರ ಕೋರ್ಟಿಗೆ ಹೋಗ್ತೀವಿ ಅಂತ ಮೆತ್ತಗೆ ಹೇಳಿ. ಬಿಲ್ಲಿನ ಜೆರಾಕ್ಸ್ ಕಳಿಸಿ, ಅಸಲಿ ನಿಮ್ಮ ಹತ್ರಾನೇ ಇರ್ಲಿ. ಆದ್ರೆ ಇವನ ಕೈಗೆ ಮಾತ್ರ ಕೊಡಬೇಡಿ!"

ವೀಡಿಯೊ ಈ-ಮೇಲಿನಲ್ಲಿ ಹೋಯಿತು, ಪತ್ರ ಪೋಸ್ಟಕ್ಕನ ಚೀಲದಲ್ಲಿ. ಐದನೇ ದಿನ ಫೋನ್ ಬಡಿದುಕೊಂಡಿತು. ಈ ಸಲ ಕಂಪನಿಯೇ.

"ಮೇಡಂ, ನಿಮ್ಮ ಪತ್ರ ಬಂದಿದೆ..."

"ಸ್ವಲ್ಪ ಲೈನಲ್ಲಿರಿ, ಪೆನ್ನು ತಗೋತೀನಿ. ಹಾಂ, ನಿಮ್ಮ ಹೆಸರು ಹೇಳಿ."

ಮರುದಿನ ಮೆಕ್ಯಾನಿಕ್ ಬಂದ. ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಭಾಗ ಕಾರ್ಖಾನೆಯಿಂದಲೇ ಕೆಟ್ಟು ಬಂದಿತ್ತು. ಬಿಡಿಗಾಸು ಕೇಳದೆ ಬದಲಾಯಿಸಿಕೊಟ್ಟು ಹೋದ. ಆ ಸಂಜೆಯೊಳಗೆ ಎರೆಹುಳು ಹದಿನಾಲ್ಕು ಪುಟ ತೆವಳಿತು.

ಎರಡನೇ ತಾರೀಕು, ಒಂದು ದಿನ ಮೊದಲೇ, ಲೆಕ್ಚರರ್ ಮೇಡಂ ಮುನ್ನೂರು ಪುಟವನ್ನೂ ತಿರುವಿ ನೋಡಿ, "ನಮ್ಮ ಕಾಲೇಜಲ್ಲಿ ಇನ್ನೂ ಇಬ್ಬರು ಬರೀತಿದಾರೆ, ಕಳಿಸ್ಲಾ?" ಎಂದರು.

"ಕಳ್ಸಿ ಮೇಡಂ" ಎಂದ ಗೋಂದಣ್ಣ, ಹೆಂಡತಿ ಬಾಯಿ ತೆರೆಯುವ ಮೊದಲೇ. "ನಮ್ಮ ಕಂಪ್ಯೂಟರಿಗೆ ಇನ್ನೂ ನಾಲ್ಕು ತಿಂಗಳು ವಾರಂಟಿ ಇದೆ."

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕೆಟ್ಟ ಮಾಲು ಕೊಟ್ಟವರು ಸರಿಮಾಡಿಕೊಡುವುದು ನಿಮ್ಮ ಮೇಲಿನ ದಯೆಯಲ್ಲ, ಅವರ ಹೊಣೆ. ಆ ಹೊಣೆಯನ್ನು ನೆನಪಿಸಲು ನಿಮ್ಮ ಹತ್ತಿರ ಕಾಗದ ಇರಬೇಕು, ಅಷ್ಟೇ. ಈಗ ಹೇಳಿ, ನಿಮ್ಮ ಫ್ರಿಜ್ಜಿನ ಬಿಲ್ಲು ಎಲ್ಲಿದೆ? ಮೊಬೈಲಿನದು? ಹೊಲಿಗೆ ಯಂತ್ರದ್ದು? ತಲೆ ಕೆರೆದುಕೊಳ್ಳುತ್ತಿದ್ದೀರಾ? ಹಾಗಾದರೆ ಓದಿದ್ದು ಸಾಕು. ಈ ಕರಪತ್ರ ಕೆಳಗಿಡಿ, ಎದ್ದು ಹುಡುಕಿ.