ಪುಟದಲ್ಲಿ ಬಿಟ್ಟ ಕೀ

ಮಂದ್ರೂಪದಿಂದ ಬಸ್ಸು ಹಿಡಿದು ಸೊಲ್ಲಾಪುರದ ಆಫೀಸು ಮುಟ್ಟುವಷ್ಟರಲ್ಲೇ ಯೋಗಿತಾಳ ಅರ್ಧ ಜೀವ ಸೋತಿರುತ್ತಿತ್ತು. ಉಳಿದರ್ಧವನ್ನು ಫೋನು ತಿನ್ನುತ್ತಿತ್ತು. ಅಕ್ಕಲಕೋಟೆಯ ಒಂದು ಯಾತ್ರಿನಿವಾಸದ ಖೋಲಿಗಳನ್ನು ಟ್ರಾವೆಲ್ಸಿನವರು ತಮ್ಮ ವೆಬ್‌ಸೈಟಿನಿಂದಲೇ ಬುಕ್ ಮಾಡಲಿ ಎಂದು ಅವಳ ಕಂಪನಿ ಎಪಿಐ ಎಂಬ ಕೊಂಡಿ ಮಾಡಿತ್ತು. ಅದನ್ನು ಬಳಸುವುದು ಹೇಗೆಂದು ತಿಳಿಸುವ ಪುಟ ಯೋಗಿತಾಳದು. ಪುಟದಲ್ಲೇ ಬಟನ್ ಒತ್ತಿ ಒಂದೊಂದನ್ನೂ ಮಾಡಿ ನೋಡಬಹುದು. ಆದರೆ ಮೊದಲು ತಮ್ಮ ಕೀ, ಅಂದರೆ ತಮ್ಮ ಹೆಸರಿಗೆ ಕೊಟ್ಟ ಗುಪ್ತ ಸಂಕೇತ, ಹಾಕಬೇಕು. ಪುಟ ರಿಫ್ರೆಶ್ ಆದರೆ ಮತ್ತೆ ಹಾಕಬೇಕು. ಇಷ್ಟನ್ನು ದಿನವಿಡೀ ಹೇಳಿ ಹೇಳಿ ಅವಳ ಗಂಟಲು ಒಣಗಿಹೋಗಿತ್ತು.

ನಿಜದ ಬುಕಿಂಗ್ ಮುಟ್ಟದಂಥ, ಕಲಿಯುವವರಿಗೆಂದೇ ಬೇರೆ ಕೀ ಮಾಡಿಸಿಕೊಡಿ ಎಂದು ಕಂಪನಿಯ ಮಾಲಕ ಕಾಂತೇಶನನ್ನು ಮೂರು ಸಲ ಕೇಳಿದ್ದಳು. ‘ಮುಂದಿನ ವಾರ’ ಎಂಬುದು ಅವನ ಮನೆದೇವರು. ಬೇಸತ್ತು ಒಂದು ಸೋಮವಾರ ಯೋಗಿತಾ ಎಲ್ಲರ ಬುಕಿಂಗನ್ನೂ ಮುಟ್ಟಬಲ್ಲ ತನ್ನ ಕೀಯನ್ನೇ ಪುಟದಲ್ಲಿ ತುಂಬಿಟ್ಟಳು. ಫೋನು ತಣ್ಣಗಾಯಿತು. ಮೂರು ದಿನ ಬಿಸಿ ಚಹಾ ಕುಡಿದಳು.

ಗುರುವಾರ ಅಕ್ಕಲಕೋಟೆಯಿಂದ ಬೈಗುಳ ಬಂತು. ಸ್ವಾಮಿಗಳ ದರ್ಶನಕ್ಕೆ ಬಂದ ಹನ್ನೊಂದು ಕುಟುಂಬದವರು ಗಂಟುಮೂಟೆ ಸಮೇತ ಬಾಗಿಲಲ್ಲಿ ನಿಂತಿದ್ದಾರೆ, ಎಲ್ಲರ ಬುಕಿಂಗೂ ರದ್ದಾಗಿದೆ. ಯಾರ ಕೀಯಿಂದ ಏನಾಯಿತೆಂದು ದಾಖಲಾಗುವ ಲಾಗ್ ತೆರೆದರೆ, ರದ್ದು ಮಾಡಿದವರು ಯೋಗಿತಾ, ಹನ್ನೊಂದು ಸಲ.

ಒತ್ತಿದವರು ಯಾರೆಂದು ಹುಡುಕುವ ಕೆಲಸವೂ ಇರಲಿಲ್ಲ. ಟ್ರಾವೆಲ್ಸೊಂದಕ್ಕೆ ಹೊಸದಾಗಿ ಸೇರಿದ್ದ ಛಾಯಾ ಬೆಳಿಗ್ಗೆಯಷ್ಟೇ ಫೋನ್ ಮಾಡಿ ಹೊಗಳಿದ್ದಳು: “ಅಕ್ಕಾ, ನಿಮ್ಮ ಪೇಜ್ ಭಾಳ ಛಲೋ ಐತ್ರಿ. ಬುಕ್ ಮಾಡೂದು, ರದ್ದ ಮಾಡೂದು, ಎಲ್ಲಾ ಒತ್ತಿ ಒತ್ತಿ ಕಲತೆ.”

ಕಾಂತೇಶ ಬಾಗಿಲು ಮುಂದೆ ಮಾಡಿಕೊಂಡು ಕುಳಿತ. “ಕೀ ಚೋರಿ ಆಗೇದ ಅಂತ ಬರದು ಕೊಡು. ಪೊಲೀಸರಿಗಿ ಕೊಡ್ತೀನಿ, ಒತ್ತಿದವರನ್ನ ಅವರು ಹುಡುಕ್ತಾರ. ನಿನ್ನ ನೌಕರಿ ಉಳೀತದ.”

ನೌಕರಿ ಅವಳಿಗೆ ಬೇಕೇ ಬೇಕಿತ್ತು. ಗಂಡ ಅಮೋಲ್‌ಗೆ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸ ತಪ್ಪಿ ಎರಡು ತಿಂಗಳಾಗಿತ್ತು. ಮನೆ ನಡೆಯುತ್ತಿದ್ದುದು ಇವಳ ಪಗಾರದ ಮೇಲೆ. ಆದರೆ ತನ್ನ ದಣಿವಿಗೆ ಆ ಹುಡುಗಿ ಠಾಣೆಯ ಮೆಟ್ಟಿಲು ಹತ್ತುವುದು ಅವಳ ಗಂಟಲಲ್ಲಿ ಇಳಿಯಲಿಲ್ಲ.

“ಚೋರಿ ಆಗಿಲ್ರಿ ಸರ್. ನಾನಽ ಅಲ್ಲಿ ಇಟ್ಟೀನಿ.”

“ಹಂಗ ಬರದ್ರ ನಾಳಿಂದ ಬರೂದು ಬ್ಯಾಡ.”

ಹಾಗೆಯೇ ಬರೆದಳು. ಪುಟದಿಂದ ಕೀ ತೆಗೆದಳು. ಬ್ಯಾಗು ಹೆಗಲಿಗೇರಿಸುವಾಗ ಛಾಯಾ ಫೋನ್ ಮಾಡಿದಳು.

“ಅಕ್ಕಾ, ಈಗ ಯಾವ ಬಟನ್ನೂ ನಡೀವಲ್ದು. ನನ್ನಿಂದ ಏನರ ಕೆಟ್ಟತೇನ್ರಿ?”

ಯೋಗಿತಾ ಗೋಡೆಗೆ ಒರಗಿದಳು. “ಇಲ್ಲವಾ, ನಿನ್ನಿಂದ ಏನೂ ಕೆಟ್ಟಿಲ್ಲ” ಎಂದಳು. ಆ ದಿನ ಅವಳು ಹೇಳಿದ ಸುಳ್ಳು ಅದೊಂದೇ.