ದೊಡ್ಡ ಕೆಸು ತೋರಿಸಿದ ಪೆಟ್ಟಿಗೆ

ನಾನು ಒಂದು ಪೆಟ್ಟಿಗೆ. ನನಗೆ ಮುಚ್ಚಳವಿಲ್ಲ. ತಳದಲ್ಲಿ ಹಲಗೆಯ ಬದಲು ಗಾಜು ಇದೆ. ಏನನ್ನೂ ಇಟ್ಟುಕೊಳ್ಳಲಾರದ ಪೆಟ್ಟಿಗೆಯನ್ನು ಯಾರಾದರೂ ಯಾಕೆ ಮಾಡುತ್ತಾರೆ ಎಂದು ನೀವು ಕೇಳಬಹುದು. ನನ್ನನ್ನು ಮಾಡಿದವರಿಗೆ ಈಜು ಬರುತ್ತಿರಲಿಲ್ಲ. ಅದೇ ಕಾರಣ.

ಅವರ ಹೆಸರು ವೀರಭದ್ರಪ್ಪ, ಅಡ್ಡಹೆಸರು ಕೊಪ್ಪದ, ಊರು ಗದಗದ ಕಡೆ. ಆಳದ ನೀರನ್ನು ಬಾವಿಯಲ್ಲಿ ಮಾತ್ರ, ಅದೂ ಕಟ್ಟೆಯ ಮೇಲೆ ನಿಂತು, ನೋಡಿ ಬೆಳೆದವರು. ಅಂಥವರಿಗೆ ಒಂಟಿಕೋಡಿನ ದೀಪಸ್ತಂಭ ನೋಡಿಕೊಳ್ಳುವ ನೌಕರಿ ಸಿಕ್ಕಿತ್ತು. ಒಂಟಿಕೋಡು ಎಂದರೆ ಕಡಲೊಳಗೆ ಚಾಚಿಕೊಂಡ ಕರಿಬಂಡೆಯ ಮೂಗು. ಕಾಲಿಡಲು ಒಂದು ಹಿಡಿ ಮರಳಿಲ್ಲ. ತೆರೆ ಬಂದು ಬಂಡೆಗೆ ಬಡಿಯುತ್ತದೆ, ಹಿಂದೆ ಹೋಗುತ್ತದೆ, ಏನೋ ಮರೆತವರ ಹಾಗೆ ಮತ್ತೆ ಬರುತ್ತದೆ. ಮೇಲೆ ಬಿಳಿ ಗೋಪುರ. ಅದರ ಕಾಲಬುಡದಲ್ಲಿ, ತೆಂಕಣ ಬದಿಗೆ, ನೀರಿನೊಳಗೆ ಒಂದು ಅಗಲವಾದ ಬಂಡೆಹಾಸು. ಮಳೆ ಕಳೆದು ನೀರು ತಿಳಿಯಾದ ಮೇಲೆ ಅಲ್ಲಿ ಹವಳ ಕಾಣುತ್ತದೆ. ಅಂದರೆ, ಕಾಣುತ್ತಿತ್ತು.

ಎಲ್ಲಕ್ಕಿಂತ ದೊಡ್ಡದನ್ನು ಅಲ್ಲಿಯವರು ದೊಡ್ಡ ಕೆಸು ಎನ್ನುತ್ತಿದ್ದರು. ಪತ್ರೊಡೆಗೆ ಕೆಸುವಿನ ಎಲೆಗಳನ್ನು ಒಂದರ ಮೇಲೊಂದು ಹರಡಿದ ಹಾಗೆ ಅದರ ಆಕಾರ. ಮೂರು ಜನ ಕೈ ಹಿಡಿದು ನಿಂತರೂ ಸುತ್ತಲಾಗದಷ್ಟು ಅಗಲ. ಬಣ್ಣ ಹಣ್ಣಾಗುತ್ತಿರುವ ನಿಂಬೆಯದು. ನೋಡಲು ಕಲ್ಲು, ಮುಟ್ಟಿದರೆ ಹಪ್ಪಳ.

ಕೊಪ್ಪದ ಸಾಹೇಬರು ಇದರ ಸುದ್ದಿ ಕೇಳಿದರು. ನೋಡುವ ಆಸೆಯಾಯಿತು, ಆದರೆ ತಲೆ ಮುಳುಗಿಸುವ ಧೈರ್ಯವಿರಲಿಲ್ಲ. ಗಾಳಿಗೆ ಸೀಳಿದ್ದ ದೀಪದ ಕೋಣೆಯ ಗಾಜಿನಲ್ಲಿ ಗಟ್ಟಿ ಉಳಿದ ಭಾಗವನ್ನು ಕೊಯ್ದರು. ಯಾವುದೋ ಉಪಕರಣ ಬಂದಿದ್ದ ಮರದ ಖೋಕಿಯ ಹಲಗೆ ಬಿಚ್ಚಿದರು. ಪುಸ್ತಕ ನೋಡಿ ನನ್ನನ್ನು ಜೋಡಿಸಿದರು. ನೀರ ಮೇಲೆ ನನ್ನನ್ನು ಒತ್ತಿ ಹಿಡಿದು ಒಳಗೆ ಮುಖ ಇಟ್ಟರೆ ಅಲೆಯ ಮಿರುಗು ಮಾಯವಾಗಿ ತಳ ಕಾಣಬೇಕು. ಮೊದಲ ದಿನ ಕಂಡಿದ್ದು ಒಳಗೆ ತುಂಬಿದ ನೀರು ಮಾತ್ರ. ನಾನು ಹುಟ್ಟಿದ ದಿನವೇ ಸೋರಿದೆ.

ಆಗ ಸಾಹೇಬರನ್ನು ಕರೆದೊಯ್ದ ದೋಣಿಯಲ್ಲಿದ್ದವರು ಮೀನುಗಾರ ಅಕ್ಕ ತಮ್ಮ ಇಬ್ಬರು, ಹರಿಕಂತ್ರರ ದುರ್ಗಕ್ಕ ಮತ್ತು ಜಟ್ಟಿ. ಜಟ್ಟಿ ಮುಳುಗಿ ಬಂಡೆಗೆ ಅಂಟಿದ ನೀಲಿಕಲ್ಲು ಚಿಪ್ಪು ಕೀಳುವವನು. ದುರ್ಗಕ್ಕ ಮೇಲೆ ಹುಟ್ಟು ಹಿಡಿಯುವವಳು. ಅವಳು ನನ್ನನ್ನು ಮಗುಚಿ ನೋಡಿ, ಸಾಹೇಬರ ಪುಸ್ತಕ ಬರೆದವರು ದೋಣಿ ಹತ್ತಿದವರಲ್ಲ ಎಂದಳು. ಮನೆಗೆ ಒಯ್ದು, ದೋಣಿಯ ಬಿರುಕಿಗೆ ತುಂಬುವ ಹಾಗೆ ಹತ್ತಿಯ ಎಳೆಯನ್ನು ರಾಳ ಎಣ್ಣೆಯಲ್ಲಿ ಅದ್ದಿ ನನ್ನ ಮೂಲೆಗಳಿಗೆ ತುರುಕಿದಳು. ಮತ್ತೆ ನಾನು ಸೋರಲಿಲ್ಲ. ನನ್ನ ಹೆತ್ತವರು ಯಾರು ಎಂದು ಕೇಳಿದರೆ ನಾನು ಇಬ್ಬರ ಹೆಸರನ್ನೂ ಹೇಳಬೇಕು.

ಮಾರನೆಯ ದಿನ ಸಾಹೇಬರು ನನ್ನೊಳಗೆ ಮುಖವಿಟ್ಟರು. ನಾನು ಮನುಷ್ಯರನ್ನು ಕಂಡಿದ್ದೆಲ್ಲ ಕೆಳಗಿನಿಂದ. ಮೂಗಿನ ಹೊಳ್ಳೆಯಿಂದ ಶುರುವಾಗಿ ಹುಬ್ಬಿಗೆ ಮುಗಿಯುವ ಮುಖಗಳು. ಹಾಗೆ ನೋಡಿದರೆ ದೊಡ್ಡವರು ಸಣ್ಣವರು ಎಂಬ ಭೇದ ಹೆಚ್ಚು ಉಳಿಯುವುದಿಲ್ಲ. ಸಾಹೇಬರ ಬಾಯಿ ತೆರೆದೇ ಇತ್ತು. ಬಹಳ ಹೊತ್ತಿನ ಮೇಲೆ ತಲೆ ಎತ್ತಿ, ನಮ್ಮ ಊರಾಗ ಇದನ್ನ ಹೇಳಿದ್ರ ಯಾರೂ ನಂಬಂಗಿಲ್ಲ ಎಂದರು.

ಆ ಹಾಸಿನ ಮೇಲೆ ಯಾರೂ ಲಂಗರು ಬಿಡುತ್ತಿರಲಿಲ್ಲ. ಭಕ್ತಿಯಿಂದಲ್ಲ. ಲಂಗರು ಬಂಡೆಯ ಸಂದಿಗೆ ಸಿಕ್ಕರೆ ಹಗ್ಗ ಕಡಿದು ಬರಬೇಕಾಗುತ್ತದೆ, ಅಷ್ಟೇ. ಆದ್ದರಿಂದ ಒಬ್ಬರು ನೀರಿಗಿಳಿದರೆ ಇನ್ನೊಬ್ಬರು ಹುಟ್ಟು ಹಿಡಿದು ದೋಣಿಯನ್ನು ನಿಂತಲ್ಲೇ ನಿಲ್ಲಿಸಬೇಕು. ದುರ್ಗಕ್ಕ ಅದರಲ್ಲಿ ಹೆಸರಾದವಳು. ನೀರು ಎಡಕ್ಕೆ ಎಳೆಯುವ ಮೊದಲೇ ಅವಳ ಮಣಿಕಟ್ಟು ಬಲಕ್ಕೆ ತಿರುಗಿರುತ್ತಿತ್ತು. ಆದರೂ ದೋಣಿಯಲ್ಲವೇ, ನನ್ನಲ್ಲಿ ಚಿತ್ರ ಸ್ವಲ್ಪ ನಡುಗುತ್ತಿತ್ತು. ಅದನ್ನು ನಾನು ನನ್ನ ಊನ ಎಂದುಕೊಂಡೆ. ಆ ತಿಳಿಗೇಡಿತನಕ್ಕೆ ಮುಂದೆ ಬಹಳ ಮರುಗಿದ್ದೇನೆ.

ನಾಲ್ಕು ವರ್ಷಕ್ಕೆ ಸಾಹೇಬರಿಗೆ ವರ್ಗವಾಯಿತು. ನನ್ನನ್ನು ಜಟ್ಟಿಯ ಕೈಗೆ ಕೊಟ್ಟು, ಬಂದವರಿಗೆ ತೋರಿಸು, ಆದರೆ ನಿಮ್ಮ ಹಿರಿಯರು ನಡೆದುಕೊಂಡ ಹಾಗೇ ನಡೆದುಕೋ ಎಂದು ಹೇಳಿ ಹೊರಟರು. ಜಟ್ಟಿ ತಲೆಯಾಡಿಸಿದ. ಅವನು ಹಾಗೆಯೇ ನಡೆದ ಕೂಡ, ಹದಿನೆಂಟು ಚಳಿಗಾಲ. ಶಾಲೆಯ ಮಾಸ್ತರರು, ಹೊಸ ಮದುಮಕ್ಕಳು, ಮೀನಿನ ವಿಷಯ ಬರೆಯುವವರು, ಎಲ್ಲರ ಹೊಳ್ಳೆಗಳನ್ನೂ ನಾನು ಕಂಡೆ. ಜಟ್ಟಿ ನನ್ನನ್ನು ಒತ್ತಿ ಹಿಡಿಯುವುದು, ದುರ್ಗಕ್ಕ ಹಿಂದೆ ಕೂತು ಹುಟ್ಟು ಆಡಿಸುವುದು. ಬಂದವರು ನೋಡಿ, ಆಹಾ ಎಂದು, ಮುಂದಿನವರಿಗೆ ಜಾಗ ಬಿಡುವುದು.

ಆಮೇಲೆ ದೋಣಿಗೆ ಮೋಟಾರು ಬಂತು. ಮೋಟಾರು ಬಂದ ಮೇಲೆ ಹುಟ್ಟು ಯಾಕೆ, ಹುಟ್ಟು ಹಿಡಿಯುವವರು ಯಾಕೆ ಎಂದು ಜಟ್ಟಿಗೆ ಅನಿಸಿತು. ಇನ್ನೊಬ್ಬರು ಕೂರಬಹುದಾದ ಜಾಗದಲ್ಲಿ ಅಕ್ಕ ಕೂತಿದ್ದಳು. ಅಕ್ಕನಿಗೂ ವಯಸ್ಸಾಯಿತು, ಮನೆಯಲ್ಲಿ ಆರಾಮ ಇರಲಿ ಎಂದು ಅವನೇ ನಿರ್ಧರಿಸಿದ. ನಂಗೆ ವಯಸ್ಸಾದ್ದು ನಂಗಿಂತ ಮೊದಲು ನಿಂಗೇ ಗೊತ್ತಾಯ್ತು ಎಂದಳಂತೆ ದುರ್ಗಕ್ಕ. ಮೋಟಾರಿಗೆ ಓಡುವುದು ಗೊತ್ತು, ನಿಲ್ಲುವುದು ಗೊತ್ತಿಲ್ಲ ಎಂಬುದು ಅವನಿಗೆ ಹೊಳೆದಿದ್ದು ಹಾಸಿನ ಮೇಲೆ ಹೋದ ನಂತರ. ದೋಣಿ ತೇಲಿ ತೇಲಿ ಹೋಗುತ್ತಿತ್ತು. ಅವತ್ತು ಬಂದ ನಾಲ್ವರು ನನ್ನ ಗಾಜಿಗೆ ಮೊಬೈಲು ಒತ್ತಿ ಚಿತ್ರ ತೆಗೆಯುತ್ತಿದ್ದರು. ಎಲ್ಲ ನಡುಗುತ್ತದೆ, ಸ್ವಲ್ಪ ನಿಲ್ಲಿಸು ಮಾರಾಯ ಎಂದರು. ಐದು ನಿಮಿಷಕ್ಕೆ ಏನಾಗುತ್ತದೆ ಎಂದು ಜಟ್ಟಿ ಲಂಗರು ಬಿಟ್ಟ.

ದೋಣಿ ನಿಂತಿತು. ನನ್ನಲ್ಲಿ ಚಿತ್ರ ಒಂದಿಷ್ಟೂ ನಡುಗಲಿಲ್ಲ. ನಿಜ ಹೇಳಬೇಕು, ಒಂದು ಕ್ಷಣ ನನಗೆ ಹೆಮ್ಮೆಯೇ ಆಯಿತು. ಆಮೇಲೆ ತೆರೆ ಒಂದು ದೋಣಿಯನ್ನು ಎತ್ತಿತು, ಹಗ್ಗ ಬಿಗಿಯಿತು, ಲಂಗರಿನ ಕೊಕ್ಕೆ ಕೆಸುವಿನ ಮೇಲಿನ ಎಲೆಯಿಂದ ಕೆಳಗಿನ ಎಲೆಯವರೆಗೆ ಇಳಿದು ಹೋಯಿತು. ಸದ್ದು ಮೇಲಿನವರಿಗೆ ಕೇಳಲಿಲ್ಲ. ನನ್ನ ಗಾಜಿಗೆ ತಾಗಿತು.

ಜಟ್ಟಿ ಮುಖ ಹಾಕಿ ನೋಡಿದ. ಒಂದು ಬದಿ ಹೇಗೂ ಹೋಯಿತಲ್ಲ ಎಂಬ ಲೆಕ್ಕದಲ್ಲಿ ಮುಂದಿನ ವಾರವೂ ಅಲ್ಲೇ ಬಿಟ್ಟ. ಎರಡು ಚಳಿಗಾಲಕ್ಕೆ ತೋರಿಸಲು ಏನೂ ಉಳಿಯಲಿಲ್ಲ, ಜನ ಬರುವುದೂ ನಿಂತಿತು. ದುರ್ಗಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಲಂಗರಿನ ಕೊಕ್ಕೆಗೆ ನಿಂಬೆ ಬಣ್ಣದ ಚೂರು ಸಿಕ್ಕಿಕೊಂಡಿದ್ದನ್ನು ಮೊದಲ ದಿನವೇ ದಡದಲ್ಲಿ ನೋಡಿದ್ದಳು. ಅವಳು ತಮ್ಮನ ಜೊತೆ ಮಾತು ಬಿಟ್ಟಳು.

ಅಷ್ಟರಲ್ಲಿ ಗದಗದಿಂದ ಒಂದು ಕಾರ್ಡು ಬಂತು. ಕೊಪ್ಪದ ಸಾಹೇಬರಿಗೆ ಒಂದು ಕಣ್ಣು ಹೋಗಿತ್ತು, ಇನ್ನೊಂದು ಹೋಗುವ ದಾರಿಯಲ್ಲಿತ್ತು. ಪೂರ್ತಿ ಹೋಗುವ ಮೊದಲು ದೊಡ್ಡ ಕೆಸುವನ್ನು ಒಮ್ಮೆ ನೋಡಬೇಕು, ಬರುತ್ತಿದ್ದೇನೆ ಎಂದು ಬರೆಸಿದ್ದರು. ಜಟ್ಟಿ ಆ ಕಾರ್ಡನ್ನು ನನ್ನೊಳಗೆ ಹಾಕಿ ಎರಡು ದಿನ ಸುಮ್ಮನೆ ಕೂತ. ಆಮೇಲೆ ಅಕ್ಕನ ಅಂಗಳಕ್ಕೆ ಹೋಗಿ, ಹುಟ್ಟು ಹಿಡಿಯಲು ಬರಬೇಕು ಎಂದು ಕೇಳಿದ. ಸಾಹೇಬರಿಗೋಸ್ಕರ ಬರುತ್ತೇನೆ, ನಿನಗೋಸ್ಕರ ಅಲ್ಲ ಎಂದಳು. ಎರಡು ವರ್ಷದಲ್ಲಿ ಅವಳು ಅವನಿಗೆ ಆಡಿದ ಮೊದಲ ಮಾತು ಅದು.

ಸಾಹೇಬರು ಬಂದರು. ಮೈ ಇಳಿದಿತ್ತು, ಹೆಗಲಲ್ಲಿ ಬಟ್ಟೆಯ ಚೀಲ. ದೋಣಿ ಹಾಸಿನ ಮೇಲೆ ನಿಂತಿತು. ಸಾಹೇಬರು ನನ್ನೊಳಗೆ ಮುಖವಿಟ್ಟರು. ಮಂಜು ಕಟ್ಟಿದ ಆ ಒಂದು ಕಣ್ಣು ನನ್ನ ಗಾಜಿನ ಮೇಲೆ ಆ ಕಡೆ ಈ ಕಡೆ ಹುಡುಕಿತು.

"ಬರೇ ಬೆಳಕು ಕಾಣಾಕತ್ತೈತಿ," ಎಂದರು. "ಜಟ್ಟಿ, ನೀನ ಹೇಳು. ಹೆಂಗೈತಿ?"

ಜಟ್ಟಿ ಕಾಯುತ್ತಿದ್ದುದು ಇದಕ್ಕೇ. "ಹಾಂಗೇ ಇದೆ ಸಾಹೇಬ್ರೆ. ಮೇಲಿನ ಎಲೆ ಸ್ವಲ್ಪ ಅಗಲ ಆಗಿದೆ."

ಹೇಳುತ್ತ ಹೋದ. ಯಾವ ಎಲೆ ಎಲ್ಲಿ ಮಡಚಿದೆ, ಯಾವುದರ ಅಡಿಯಲ್ಲಿ ಪಟ್ಟೆ ಮೀನುಗಳು ಒತ್ತಿ ನಿಲ್ಲುತ್ತವೆ, ಬಿಸಿಲು ಬಿದ್ದಾಗ ಅಂಚು ಹೇಗೆ ಹೊಳೆಯುತ್ತದೆ, ಎಲ್ಲ. ಒಂದೂ ತಪ್ಪಿಲ್ಲ. ಹದಿನೆಂಟು ವರ್ಷದಲ್ಲಿ ಯಾರಿಗೂ ಅವನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಇದ್ದಾಗ ಹೇಳುವ ಅಗತ್ಯ ಬಿದ್ದಿರಲಿಲ್ಲ.

"ಮೂರನೇ ಎಲೆಗೆ ಒಂದು ಕಚ್ಚು ಇದ್ಯಲ್ಲ," ಎಂದ, "ಗಿಳಿ ಕಚ್ಚಿದ ಹಾಂಗೆ. ಅದೂ ಇದೆ."

ಸಾಹೇಬರು ಮುಖ ಎತ್ತಲಿಲ್ಲ. ಹಿಂದಿನಿಂದ ದುರ್ಗಕ್ಕ ಹೇಳಿದಳು. "ಸಾಕು ತಮಾ. ಸಾಹೇಬ್ರೆ, ಕೆಸು ಇಲ್ಲ. ಇವ ಲಂಗರು ಬಿಟ್ಟ. ಚೂರು ಬಿದ್ದಿದೆ, ಅಷ್ಟೇ."

ಬಂಡೆಗೆ ನಾಲ್ಕೈದು ತೆರೆ ಬಡಿದವು. ಜಟ್ಟಿಯ ಕೈ ನನ್ನ ಅಂಚಿನ ಮೇಲಿತ್ತು, ಬಿಗಿಯಾಗಿತ್ತು. ಸಾಹೇಬರು ಬೈಯಬಹುದಿತ್ತು. ಅವನು ಅದಕ್ಕೆ ಸಿದ್ಧನಾಗಿಯೂ ಇದ್ದ. ಅವರು ಚೀಲಕ್ಕೆ ಕೈ ಹಾಕಿ, ಟವೆಲಿನಲ್ಲಿ ಸುತ್ತಿದ್ದ ಒಂದು ವಸ್ತು ತೆಗೆದರು. ಅಂಗೈಯಗಲದ ಬಿಳಿ ಚೂರು, ಎಲೆಯ ತುದಿಯ ಆಕಾರ.

"ಅದು ಗಿಳಿ ಕಚ್ಚಿದ್ದಲ್ಲ," ಎಂದರು. "ವರ್ಗ ಆದ ದಿನ ಅಮಾಸಿ ಇಳಿತ ಇತ್ತು. ಎದಿಮಟ ನೀರಾಗ, ಬಂಡಿಗಲ್ಲು ಹಿಡಕೊಂಡು, ಜೀವ ಕೈಯಾಗ ಹಿಡಕೊಂಡು ಇಳದೆ. ಒಂದ ಚೂರು ಅಂತ ಮುರಕೊಂಡೆ. ಇಪ್ಪತ್ತೊಂದು ವರ್ಷ ಮೇಜಿನ ಮ್ಯಾಗ ಇದರಾಗ ಪೆನ್ನು ಇಟ್ಟೀನಿ."

ಆ ಕಚ್ಚನ್ನು ನಾನೂ ವರ್ಷಗಟ್ಟಲೆ ತೋರಿಸಿದ್ದೆ. ಮೊದಲು ಅದು ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಯಾರು ಮಾಡಿದ್ದು ಎಂದು ಮಾತ್ರ ಗೊತ್ತಿರಲಿಲ್ಲ.

"ನೋಡಾಕ ಅಂತ ಸುಳ್ಳ ಬರಿಸಿದ್ದೆ. ತಿರುಗಿ ಇಡಾಕ ಬಂದೀನಿ," ಎಂದರು ಸಾಹೇಬರು. "ಎಲ್ಲಿ ಇಡಲಿ, ಹೇಳು."

ಜಟ್ಟಿ ನನ್ನನ್ನು ನೀರಿಗೆ ಇನ್ನಷ್ಟು ಒತ್ತಿ ಹಿಡಿದ. ಸಾಹೇಬರು ಕೈ ನೀರಿಗಿಳಿಸಿ ಚೂರನ್ನು ಬಿಟ್ಟರು. ಚೂರು ಅತ್ತಿತ್ತ ಓಲಾಡುತ್ತ ಇಳಿಯಿತು. ಪಾಚಿ ಹಿಡಿದು ಮಣ್ಣಿನ ಬಣ್ಣವಾಗಿದ್ದ ಚೂರುಗಳ ನಡುವೆ ಬಿತ್ತು. ಮೇಜಿನ ಮೇಲೆ ಒರೆಸಿ ಒರೆಸಿ ಇಟ್ಟಿದ್ದು, ಅದೊಂದೇ ಹಾಲಿನಂತೆ ಬೆಳ್ಳಗಿತ್ತು. ಸಾಹೇಬರು ಮತ್ತೆ ನನ್ನೊಳಗೆ ಬಗ್ಗಿದರು. ಈ ಸಲ ಕಣ್ಣು ಹುಡುಕಲಿಲ್ಲ, ಒಂದು ಕಡೆ ನಿಂತಿತು.

"ಅದೊಂದು ಕಾಣ್ತೈತಿ," ಎಂದರು.

ಸಾಹೇಬರು ಮತ್ತೆ ಬರಲಿಲ್ಲ. ಈಗ ನಾನು ದುರ್ಗಕ್ಕನ ಅಂಗಳದಲ್ಲಿದ್ದೇನೆ, ಮಗುಚಿಕೊಂಡು. ನನ್ನ ಅಡಿಯಲ್ಲಿ ಸೀಗಡಿ ಒಣಗುತ್ತದೆ, ಮೇಲಿನಿಂದ ಕಾಗೆಗಳು ಇಣುಕುತ್ತವೆ. ನನ್ನಲ್ಲಿ ನೋಡಲು ಬರುವವರು ಈಗ ಅವೇ. ಮರಳು ಗೀಚಿ ಗಾಜು ಮಸುಕಾಗಿದೆ. ನನಗೆ ಕಾಗೆಗಳ ಬಗ್ಗೆ ದೂರಿಲ್ಲ. ಅವು ನಡುಗುತ್ತದೆ ಎನ್ನುವುದಿಲ್ಲ.

ಹೋದ ಮಾಘದಲ್ಲಿ ಜಟ್ಟಿ ಬಂದು ನನ್ನನ್ನು ಕೊಡು ಎಂದು ಅಕ್ಕನನ್ನು ಕೇಳಿದ. ಚಿಪ್ಪು ಕೀಳಲು ಮುಳುಗಿದಾಗ ಹಾಸಿನ ಅಂಚಿನಲ್ಲಿ ಕಾಸಿನಗಲ ಏನೋ ನಿಂಬೆ ಬಣ್ಣದ್ದು ಕಂಡ ಹಾಗಾಯಿತಂತೆ. ಹೌದೋ ಅಲ್ಲವೋ ಹೇಳಲು ಅವನಿಗೆ ಧೈರ್ಯವಿಲ್ಲ. ಅಕ್ಕ ತಮ್ಮ ಇಬ್ಬರೂ ಹೊರಟರು. ಹಾಸಿನ ಮೇಲೆ ಬಂದ ಮೇಲೆ ಅವನು ನನ್ನನ್ನು ನೀರಿಗಿಟ್ಟು, ತನ್ನ ಕಣ್ಣನ್ನು ತಾನೇ ನಂಬಲಾರದೆ, ಅಕ್ಕ, ನೀ ನೋಡು ಎಂದ.

ದುರ್ಗಕ್ಕ ಹುಟ್ಟು ಹಿಡಿದೇ ಇದ್ದಳು. "ನಾ ನೋಡಿದ್ರೆ ದೋಣಿ ಯಾರು ಹಿಡಿತ್ರು?" ಎಂದಳು.

ಆಗ ನನಗೂ ಹೊಳೆಯಿತು, ಅವನಿಗೂ. ಇಷ್ಟು ವರ್ಷ, ಇಷ್ಟು ಜನ, ಆದರೆ ಈ ಮುಖವನ್ನು ನಾನು ಕೆಳಗಿನಿಂದ ಒಮ್ಮೆಯೂ ಕಂಡಿರಲಿಲ್ಲ. ಜಟ್ಟಿ ಎದ್ದು ಹಿಂದೆ ಹೋಗಿ ಹುಟ್ಟು ತೆಗೆದುಕೊಂಡ. ಅವಳು ಮೊಣಕಾಲೂರಿ ನನ್ನೊಳಗೆ ಬಗ್ಗಿದಳು. ಮೂಗುತಿ, ಸುಕ್ಕು, ಬಿಗಿಹಿಡಿದ ಉಸಿರು. ಜಟ್ಟಿಗೆ ಅವಳಷ್ಟು ಚೆನ್ನಾಗಿ ಹಿಡಿಯಲು ಬರುವುದಿಲ್ಲ. ದೋಣಿ ಹೊರಳಿತು, ನನ್ನ ಗೀಚಿದ ಗಾಜಿನಲ್ಲಿ ಬಂಡೆ, ಪಾಚಿ, ಬೆಳಕು ಎಲ್ಲ ಕಲಸಿಕೊಂಡವು. ಒಂದು ನಿಂಬೆ ಬಣ್ಣ ಹಾಯಿತೋ, ಬಿಸಿಲೇ ಹಾಯಿತೋ, ನಾನು ಹೇಳಲಾರೆ.

"ಎಂತ ಕಾಣ್ತದೆ ಅಕ್ಕ?"

ಅವಳು ಮುಖ ಎತ್ತಲಿಲ್ಲ.

"ಸರಿ ಹಿಡಿ," ಎಂದಳು. "ಇನ್ನೂ ನೋಡ್ತಾ ಇದ್ದೇನೆ."