ಲಿನ್ ಕೈಗೆ ಕೊಟ್ಟ ಎಲೆ ಅಡಿಕೆ

ಕೆಳಗೆ ಲಾರಿ ನಿಂತ ಸದ್ದು, ಪೆಟ್ಟಿಗೆ ಇಳಿಸುತ್ತಿದ್ದಾರೆ, ಒಂದು, ಎರಡು, ಹದಿನೆಂಟಂತೆ, ಎಲ್ಲ ಅಡಿಕೆ ಸುಲಿಯುವ ಮಷೀನು, ನನ್ನ ಮಳಿಗೆ ಬಾಡಿಗೆಗೆ ಹಿಡಿದು ಮಾರುವವಳು ಚೀನಾದ ಲಿನ್, ಕೊಪ್ಪದಲ್ಲಿ ಹಾಲಿನವನಿಗಿಂತ ಮೊದಲು ಷಟರ್ ಎತ್ತುವವಳು, ಮಷೀನುಗಳ ಹಿಂದೆಯೇ ಗಂಡ ಹೆಂಡತಿ ಚಾಪೆ ಹಾಸಿ ಮಲಗುತ್ತಾರೆ, ಸರಕು ಕಳಿಸುವವನು ಚೆನ್ನೈನಲ್ಲಿರುವ ಅವಳ ಅಣ್ಣ, ಅವರವರಲ್ಲಿ ಕಾಗದ ಬೇಡ, ಬಾಯಿಮಾತೇ ಸಾಕಂತೆ — ಮೆಣಸೆಯ ಸುಬ್ಬಪ್ಪ ಬೇರೆಲ್ಲೋ ಕೊಂಡ ಮಷೀನು ಕೆಟ್ಟಾಗಲೂ ಇವಳ ಗಂಡ ಬೈಕಿನಲ್ಲಿ ಹೋಗಿ ಸುಮ್ಮನೆ ರಿಪೇರಿ ಮಾಡಿ ಬಂದ, ಯಾಕೆ ಎಂದು ಕೇಳಿದರೆ ಲಿನ್ ಫೋನಿಗೆ ಅವಳ ಭಾಷೆಯಲ್ಲಿ ಏನೋ ಹೇಳಿದಳು, ಫೋನು ಅದನ್ನು ಕನ್ನಡ ಮಾಡಿ ಗಂಡಸಿನ ದನಿಯಲ್ಲಿ ಅಂದಿತು, ಅಜ್ಜಿ, ಬ್ಲೇಡು ಬೇಕಾದಾಗ ಅವನು ನಮ್ಮಲ್ಲಿಗೇ ಬರುವನು — ಅಮ್ಮ, ಸೈನ್ ಹಾಕು ಮಾರಾಯ್ತಿ, ಎಷ್ಟು ಹೊತ್ತು, ಇವಳು ನನ್ನ ಮಗಳು ನಿಶ್ಚಿತಾ, ಎದುರಿಗೇ ಕೂತಿದ್ದಾಳೆ, ನರಸಿಂಹರಾಜಪುರದ ಗಂಡನ ಮನೆಯಿಂದ ವಾಪಸು ಬಂದು ಎರಡು ವರ್ಷ, ಮಳಿಗೆ ಸಿಕ್ಕರೆ ಬೇಕರಿ ಹಾಕುತ್ತಾಳೆ, ಬೇರೆ ದಾರಿ ಇಲ್ಲ ಅವಳಿಗೆ, ಲಿನ್ ಕರಾರು ಈ ತಿಂಗಳಿಗೆ ಮುಗಿಯುತ್ತದೆ, ಖಾಲಿ ಮಾಡಿ ಎಂದು ಹೇಳುವ ಕಾಗದ ಇದು, ಸರಿಯೇ ಇದೆ, ಆದರೆ ಮಂಗಳವಾರ ಲಿನ್ ಮೇಲೆ ಬಂದಿದ್ದಳು, ಅವಳ ಫೋನು ಸತ್ತಿತ್ತು, ಕೈಸನ್ನೆಯಲ್ಲಿ ಏನೋ ಕೇಳಿದಳು, ಹಸಿವೇನೋ ಎಂದು ಊಟ ಹಾಕಿದೆ, ಊಟವಾದ ಮೇಲೆ ಎಲೆ ಅಡಿಕೆ ಕೊಟ್ಟೆ, ಮನೆಯಲ್ಲಿ ಉಂಡವರಿಗೆ ಯಾರಿಗೆ ತಾನೇ ಕೊಟ್ಟಿಲ್ಲ, ಅವಳ ಕಣ್ಣಲ್ಲಿ ನೀರು, ಸಾರು ಖಾರವಾಯಿತು ಎಂದುಕೊಂಡೆ, ಈಗ ಗೊತ್ತಾಗುತ್ತಿದೆ, ಅವಳು ಕೇಳಿದ್ದು ಮುಂದಿನ ವರ್ಷಕ್ಕೂ ಮಳಿಗೆ, ಈ ಕಡೆ ಎಲೆ ಅಡಿಕೆ ಕೈಗೆ ಬಂದರೆ ಮಾತು ಆದ ಹಾಗೆ ಎಂದು ಸುಬ್ಬಪ್ಪ ಅವಳಿಗೆ ಹೇಳಿಕೊಟ್ಟಿದ್ದನಂತೆ, ಬೆಳಿಗ್ಗೆ ಅವನೇ ಅಂದ, ಮರುದಿನವೇ ಅಣ್ಣನಿಗೆ ಹದಿನೆಂಟು ಕಳಿಸು ಅಂದಿದ್ದಾಳೆ — ನಿಶ್ಚಿತಾಳಿಗೆ ಹೇಳಿದರೆ, ಅದು ಉಂಡ ಮೇಲೆ ಕೊಡುವ ಎಲೆ ಅಮ್ಮ, ಕರಾರಿನದ್ದಲ್ಲ, ಅವಳಿಗೆ ಎಂತ ಗೊತ್ತು, ಹೌದೇ, ಎಲೆಗಾದರೂ ಗೊತ್ತೇ, ನಾನು ಕೊಟ್ಟದ್ದು ಯಾವುದು, ನಿಶ್ಚಿತಾಳ ಮದುವೆ ಮಾತೂ ಶೃಂಗೇರಿಯಲ್ಲಿ ಎಲೆ ಅಡಿಕೆ ಬದಲಾಯಿಸಿಯೇ ಆದದ್ದು, ಆ ಮನೆಯವರು ಇವಳನ್ನು ಹೊರಗೆ ಹಾಕಿದ ದಿನ ಅವರ ಅಂಗಳದಲ್ಲಿ ನಿಂತು ನಾನೇ ಅಂದೆನಲ್ಲ, ಎಲೆ ಹಿಡಿದು ಮಾತು ತಪ್ಪಿದಿರಿ, ಇವಳೂ ಪಕ್ಕದಲ್ಲೇ ಇದ್ದಳು, ಮರೆತಳೇ, ಕೇಳಲೇ, ಬೇಡ, ಪೆನ್ನು ಕಾಗದಕ್ಕೆ ತಾಗಿತು, ವೀ ಎಂದು ಬರೆದೆ, ಮುಂದೆ ರ, ಬ, ಸ, ಇನ್ನೂ ಎಷ್ಟು ಅಕ್ಷರ ನನ್ನ ಹೆಸರಿನಲ್ಲಿ, ಅಮ್ಮ, ಬರೆ — ಲಿನ್ ಎಲೆ ಬಾಯಿಗೆ ಹಾಕಿರಲಿಲ್ಲ, ಎರಡೂ ಕೈ ಬೊಗಸೆ ಮಾಡಿ ಹಿಡಿದು, ಗಾಳಿಯಲ್ಲಿ ದೀಪ ಒಯ್ಯುವವಳ ಹಾಗೆ ಮೆಟ್ಟಿಲಿಳಿದಳು, ಒಂದೊಂದೇ ಮೆಟ್ಟಿಲು, ವೀ, ಮುಂದೆ ರ, ಎರಡೂ ಕೈ, ಬೊಗಸೆ, ಬೊಗಸೆಯಲ್ಲಿ ಎಲೆ